ಕಲಿತವನ ಕೊನೆಯ ಪರೀಕ್ಷೆ

ಸ್ವಾಧ್ಯಾಯವೆಂದರೆ ಗ್ರಂಥವನ್ನು ಓದುವುದು ಎಂದಷ್ಟೇ ನಾವು ತಿಳಿದಿರುತ್ತೇವೆ. ಅಂತರಂಗ ತಪಸ್ಸುಗಳಲ್ಲಿ ಒಂದಾದ ಅದನ್ನು ತತ್ತ್ವಾರ್ಥಸೂತ್ರವು ಐದು ಬಗೆಯಾಗಿ ಹೇಳುತ್ತದೆ: ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಓದಿ, ಸಂದೇಹವನ್ನು ಕೇಳಿ, ಮನನ ಮಾಡಿ, ಶುದ್ಧವಾಗಿ ಪಠಿಸಿದ ಮೇಲೆ ಇನ್ನೊಬ್ಬರಿಗೆ ತಿಳಿಯಹೇಳುವುದು. ಉಪದೇಶವು ಕೊನೆಯಲ್ಲಿದೆ, ನಿಜ. ಆದರೆ ಸ್ವಾಧ್ಯಾಯದ ಹೊರಗಿಲ್ಲ.

ಆದರೂ ನಮ್ಮ ಅನೇಕ ಪಾಠಶಾಲೆಗಳಲ್ಲಿ ಮಕ್ಕಳು ಸ್ತೋತ್ರವನ್ನು ಕಂಠಪಾಠ ಮಾಡಿ ಒಪ್ಪಿಸಿದರೆ ಪಾಠ ಮುಗಿಯಿತು. ಅರ್ಥವನ್ನು ನಿನ್ನ ಮಾತಿನಲ್ಲಿ ಹೇಳು, ನಾಲ್ಕು ಸಾಲು ಬರೆ ಎನ್ನುವವರು ವಿರಳ. ತಪ್ಪು ಹೇಳಿಯಾರು ಎಂಬ ಹಿರಿಯರ ಅಂಜಿಕೆ ಸುಳ್ಳಲ್ಲ. ಆಗಮಕ್ಕೆ ವಿರುದ್ಧವಾಗಿ ನುಡಿಯುವುದು ಸಣ್ಣ ದೋಷವಲ್ಲ. ಆದರೆ ಈ ಅಂಜಿಕೆಗೆ ಮೌನವೇ ಮದ್ದೇ?

ಧರಸೇನಾಚಾರ್ಯರ ಎದುರಿಗೂ ಇಂಥದೇ ಅಂಜಿಕೆಯಿತ್ತು. ಗಿರಿನಗರದ ಚಂದ್ರಗುಹೆಯಲ್ಲಿದ್ದ ಆ ವೃದ್ಧ ಮುನಿಗಳು ತಮ್ಮೊಡನೆ ಶ್ರುತಜ್ಞಾನವೂ ಅಳಿದೀತೆಂದು ದಕ್ಷಿಣಾಪಥದ ಆಚಾರ್ಯರಿಗೆ ಪತ್ರ ಕಳುಹಿಸಿದರು. ಇಬ್ಬರು ಮುನಿಗಳು ಬಂದರು. ಅವರಿಗೆ ಕೊಟ್ಟ ಮಂತ್ರಗಳಲ್ಲಿ ಒಂದಕ್ಕೆ ಅಕ್ಷರ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಸಾಧನೆ ಮಾಡಿದಾಗ ಒಬ್ಬ ದೇವತೆ ಉಬ್ಬುಹಲ್ಲಿನವಳಾಗಿ, ಮತ್ತೊಬ್ಬಳು ಒಕ್ಕಣ್ಣಿಯಾಗಿ ಕಾಣಿಸಿದರಂತೆ. ದೇವತೆಗಳ ಸಹಜ ರೂಪ ಇದಲ್ಲವೆಂದು ಅರಿತ ಮುನಿಗಳು ಮಂತ್ರವನ್ನು ತಾವೇ ತಿದ್ದಿಕೊಂಡರು. ಗುರುಗಳಿಗೆ ಬೇಕಾದದ್ದು ಅದೇ. ಕೊಟ್ಟದ್ದನ್ನು ಹಾಗೆಯೇ ಒಪ್ಪಿಸುವವರಿಗಲ್ಲ, ದೋಷವನ್ನು ತಾವೇ ಕಂಡು ಸರಿಪಡಿಸಬಲ್ಲವರಿಗೆ ಅವರು ಸಿದ್ಧಾಂತವನ್ನು ಬೋಧಿಸಿದರು. ಧವಲಾ ಟೀಕೆಯಲ್ಲಿ ವೀರಸೇನಾಚಾರ್ಯರು ಈ ವೃತ್ತಾಂತವನ್ನು ಹೇಳಿದ್ದಾರೆ.

ಮುಂದಿನದು ನಮ್ಮ ನಾಡಿಗೆ ಸೇರಿದ್ದು. ಶಿಷ್ಯರಲ್ಲೊಬ್ಬರಾದ ಪುಷ್ಪದಂತರು ವನವಾಸ ದೇಶಕ್ಕೆ, ಅಂದರೆ ನಮ್ಮ ಬನವಾಸಿ ಸೀಮೆಗೆ, ಬಂದರು. ಸತ್ಪ್ರರೂಪಣೆಯ 177 ಸೂತ್ರಗಳನ್ನು ರಚಿಸಿದರು. ಅಲ್ಲಿಗೆ ನಿಲ್ಲಲಿಲ್ಲ, ಜಿನಪಾಲಿತನಿಗೆ ದೀಕ್ಷೆಯಿತ್ತು, ಸೂತ್ರಗಳನ್ನು ಕಲಿಸಿ, ಅವನನ್ನೇ ಸಹಪಾಠಿ ಭೂತಬಲಿಗಳ ಬಳಿಗೆ ಕಳುಹಿಸಿದರು. ಪುಷ್ಪದಂತರ ಆಯುಷ್ಯ ಅಲ್ಪವೆಂದು ಅವನಿಂದ ತಿಳಿದ ಭೂತಬಲಿಗಳು ಉಳಿದುದನ್ನು ರಚಿಸಿ ಷಟ್ಖಂಡಾಗಮವನ್ನು ಪೂರ್ಣಗೊಳಿಸಿದರು. ನಿನ್ನೆ ಕಲಿತ ಜಿನಪಾಲಿತನು ಇಂದು ಮಹಾಜ್ಞಾನಿಯೊಬ್ಬರ ಮುಂದೆ ತನ್ನ ಗುರುವಿನ ಕೃತಿಯನ್ನು ಅರುಹಬೇಕಾಯಿತು. ಅವನನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅವನ ಪಾಠ ಅರೆಬರೆಯಾಗಿದ್ದರೆ ಆ ಗ್ರಂಥದ ಗತಿ ಏನಾಗುತ್ತಿತ್ತೋ!

ಬರೆಯತೊಡಗಿದಾಗ ಇದು ಯಾರಿಗೂ ಅನುಭವಕ್ಕೆ ಬರುತ್ತದೆ. ಅನೇಕಾಂತ ತಿಳಿದಿದೆ ಎಂದುಕೊಂಡವನು ಅದನ್ನು ಹತ್ತು ವರ್ಷದ ಮಗುವಿಗೆ ವಿವರಿಸಲು ಕುಳಿತರೆ ಎರಡನೆಯ ವಾಕ್ಯಕ್ಕೇ ತಡೆಯುತ್ತಾನೆ. ಆಗ ಮತ್ತೆ ಗ್ರಂಥವನ್ನು ತೆರೆಯಬೇಕು, ಬಲ್ಲವರನ್ನು ಕೇಳಬೇಕು. ಧರ್ಮೋಪದೇಶವು ಹೀಗೆ ಅವನನ್ನು ವಾಚನೆಗೂ ಪೃಚ್ಛನೆಗೂ ಹಿಂದಿರುಗಿಸುತ್ತದೆ. ಬಂದ ಪ್ರವಚನವನ್ನು ಮೊಬೈಲಿನಲ್ಲಿ ಹತ್ತು ಜನರಿಗೆ ರವಾನಿಸುವವನಿಗೆ ಈ ತಡೆಯೇ ಇಲ್ಲ, ಲಾಭವೂ ಇಲ್ಲ.

ಜ್ಯೇಷ್ಠ ಶುಕ್ಲ ಪಂಚಮಿಯಂದು, ಶ್ರುತಪಂಚಮಿಯ ದಿನ, ಶಾಸ್ತ್ರಗ್ರಂಥಗಳಿಗೆ ಭಕ್ತಿಯಿಂದ ಪೂಜೆ ಸಲ್ಲಿಸುತ್ತೇವೆ. ಪೂಜೆಯ ನಂತರ ಪಾಠಶಾಲೆಯ ಒಂದು ಮಗು ಎದ್ದುನಿಂತು ಒಂದು ಸೂತ್ರದ ಅರ್ಥವನ್ನು ತನ್ನ ಮಾತಿನಲ್ಲಿ ಹೇಳಲಿ. ತಡವರಿಸಿದರೆ ಹಿರಿಯರು ನಡುವೆ ಬಾಯಿಹಾಕದೆ ಸ್ವಲ್ಪ ಹೊತ್ತು ಕಾದರೆ ಸಾಕು.