ಕಾಡಿಗೂ ಕಟ್‌ಆಫ್
ಜಗತ್ತಿನ ‘ಅಖಂಡ ಕಾಡು’ಗಳ ಉಪಗ್ರಹ ನಕ್ಷೆಯಲ್ಲಿ ಜಾಗ ಸಿಗಬೇಕಾದ್ರೆ ಕನಿಷ್ಠ 500 ಚದರ ಕಿ.ಮೀ. ವಿಸ್ತೀರ್ಣ, 10 ಕಿ.ಮೀ. ಅಗಲ ಬೇಕು. ರಸ್ತೆ ಹಾದುಹೋದ್ರೆ ಎರಡೂ ಬದಿ ಒಂದೊಂದು ಕಿ.ಮೀ. ಔಟ್. ಲೆಕ್ಕ ಹಾಕಿ: ಉದ್ದ-ಅಗಲ ಎರಡೂ 30 ಕಿ.ಮೀ. ಇರೋ ಕಾಡಿನ ನಟ್ಟನಡುವೆ ಒಂದು ರಸ್ತೆ ಬಂದ್ರೆ ಉಳಿಯೋದು 420 ಚದರ ಕಿ.ಮೀ.ನ ಎರಡು ತುಂಡು. ಎರಡೂ ಫೇಲ್! ಮರಗಳು ನಿಂತೇ ಇರ್ತವೆ, ನಕ್ಷೆಯಲ್ಲಿ ಮಾತ್ರ ಸೊನ್ನೆ. ಕ್ರೂರ ನಿಯಮ, ಆದ್ರೂ ನನ್ನ ಪ್ರಕಾರ ಇದೇ ಸರಿ. ರಸ್ತೆಯ ಹಿಂದೇನೇ ಗರಗಸ ಬರುತ್ತಲ್ಲ.

ನಮ್ಮ ಭಾರತೀಯ ಅರಣ್ಯ ಸರ್ವೇಕ್ಷಣೆಯದ್ದು ಉಲ್ಟಾ: ಒಂದು ಹೆಕ್ಟೇರ್ ಜಾಗ, ಶೇ. 10ರಷ್ಟು ಮರದ ನೆರಳು ಇದ್ರೆ ಅದು ಅರಣ್ಯ ಹೊದಿಕೆ. ಕೊಡಗಿನ ಕಾಫಿ ತೋಟಾನೂ ಪಾಸ್! 500 ನಮ್ಮ ಘಟ್ಟಕ್ಕೆ ಜಾಸ್ತಿಯಾಯ್ತು ಅಂತೀರಾ? 50 ಇಡಿ. ಆದ್ರೆ ಪೇಪರಲ್ಲಿ ಬರೋ ಆ ಒಟ್ಟು ಅಂಕಿಯ ಪಕ್ಕದಲ್ಲೇ, ತುಂಡಾಗದ ಕಾಡು ಎಷ್ಟು ಅಂತಾನೂ ಅಚ್ಚಾಗ್ಲಿ.