ಅಡುಗೆಮನೆಯ ಬೂಷ್ಟು

ಆಷಾಢದ ಮಳೆ ಹಿಡಿಯಿತೆಂದರೆ ನನಗೆ ಬರುವ ಓಲೆಗಳಲ್ಲಿ ಬೂಷ್ಟಿನ ಪ್ರಸ್ತಾಪ ತಪ್ಪದು. ಈ ವಾರ ಬೆಂಗಳೂರಿನ ವಾಚಕಿಯೊಬ್ಬರು ಬರೆದಿರುವುದರಲ್ಲಿ ಪ್ರಶ್ನೆಗಿಂತ ನೋವೇ ಹೆಚ್ಚು. ಪಾತ್ರೆ ತೊಳೆಯುವ ಸಿಂಕಿನ ಹಿಂಬದಿಯ ಗೋಡೆಯಲ್ಲಿ ಕಪ್ಪು ಚುಕ್ಕೆಗಳು ಮೂಡುತ್ತವೆ. ಪ್ರತಿ ಶುಕ್ರವಾರ ಉಜ್ಜಿ ತೊಳೆಯುತ್ತಾರೆ. ಮರುವಾರದ ಹೊತ್ತಿಗೆ ಅವು ಮರಳಿರುತ್ತವೆ. “ಹೆಂಗಸು ಚೊಕ್ಕಟವಾಗಿದ್ದರೆ ಅಡುಗೆಮನೆಗೆ ಬೂಷ್ಟು ಬರುವುದುಂಟೆ?” ಎಂದು ಅತ್ತೆಯವರು ಬಂದವರೆದುರಿಗೆ ಅನ್ನುತ್ತಾರಂತೆ. ಆ ಹಿರಿಯರಲ್ಲಿ ಗೌರವವಿಟ್ಟೇ ಹೇಳುತ್ತೇನೆ: ಬರುವುದುಂಟು.

ಬೂಷ್ಟು ಸಸ್ಯವೂ ಅಲ್ಲ, ಪ್ರಾಣಿಯೂ ಅಲ್ಲ. ಶಿಲೀಂಧ್ರಗಳ ಬಳಗಕ್ಕೆ ಸೇರಿದ ಜೀವಿ. ಮೇಘದೂತದಲ್ಲಿ ಮೋಡದ ಗುಡುಗಿಗೆ ನೆಲದಿಂದ ತಲೆಯೆತ್ತುವ ಶಿಲೀಂಧ್ರ, ಅಂದರೆ ನಾಯಿಕೊಡೆ, ಇದರ ದಾಯಾದಿ. ಕಾಳಿದಾಸನಿಗೆ ಅದು ಭೂಮಿ ಫಲವತಿಯಾಗುವ ಸೂಚನೆ. ಸಿಂಕಿನ ಹಿಂದೆ ಕಂಡಾಗ ಮಾತ್ರ ಯಾರಿಗೂ ಕಾವ್ಯ ನೆನಪಾಗದು. ಇದರ ಬೀಜಕಣಗಳು ಎಲ್ಲರ ಮನೆಯ ಗಾಳಿಯಲ್ಲಿಯೂ ತೇಲುತ್ತಿರುತ್ತವೆ. ಗೋಡೆಗಂಟಿದ ತುಸು ಜಿಡ್ಡು, ತುಸು ಧೂಳು ಅವುಗಳ ಊಟಕ್ಕೆ ಧಾರಾಳ. ಅವು ಕಾದಿರುವುದು ನೀರಿಗಾಗಿ. ನೆನೆದ ಜಾಗ ಒಂದೆರಡು ದಿನದೊಳಗೆ ಒಣಗಿದರೆ ಬೂಷ್ಟು ಸಾಮಾನ್ಯವಾಗಿ ನೆಲೆಯೂರದು. ಆದುದರಿಂದ ಒರೆಸುವ ಬಟ್ಟೆಯನ್ನು ಕೈಗೆತ್ತಿಕೊಳ್ಳುವ ಮುನ್ನ ನೀರು ಎಲ್ಲಿಂದ ಬಂತೆಂದು ಹುಡುಕತಕ್ಕದ್ದು.

ಅದಕ್ಕೂ ಮೊದಲು ಅದು ಬೂಷ್ಟೇ ಹೌದೇ ಎಂಬುದನ್ನು ತಿಳಿಯಬೇಕು. ಒಲೆಯ ಮೇಲ್ಗಡೆಯ ಕಪ್ಪು ಬರಿಯ ಮಸಿಯೂ ಜಿಡ್ಡೂ ಆಗಿರಬಹುದು. ನೀರು ಬೆರೆಸಿದ ಬ್ಲೀಚಿನ ಹನಿಯೊಂದನ್ನು ಹಚ್ಚಿ ಒಂದೆರಡು ನಿಮಿಷ ಕಾಯಿರಿ: ಬಣ್ಣ ತಿಳಿಯಾದರೆ ಬೂಷ್ಟು, ಹಾಗೆಯೇ ಉಳಿದರೆ ಮಸಿ. ಗೋಡೆಯ ಮೇಲೆ ಬಿಳಿಯ ಹಿಟ್ಟಿನಂತೆ ಏಳುವುದು ಅನೇಕ ವೇಳೆ ಇಟ್ಟಿಗೆ ಗಾರೆಗಳಿಂದ ತೇವದೊಡನೆ ಹೊರಬಂದ ಲವಣ. ನೀರು ಸೋಕಿದರೆ ಕರಗುತ್ತದೆ.

ಅಡುಗೆಮನೆಯ ನೀರೆಲ್ಲ ನಲ್ಲಿಯಿಂದ ಬರುವುದಿಲ್ಲ. 14.2 ಕಿಲೋ ಅನಿಲದ ಒಂದು ಸಿಲಿಂಡರು ಉರಿದು ಮುಗಿಯುವಷ್ಟರಲ್ಲಿ, ಅನಿಲದಲ್ಲಿರುವ ಜಲಜನಕವು ಗಾಳಿಯ ಆಮ್ಲಜನಕದೊಡನೆ ಕೂಡಿ, ಸುಮಾರು 22 ಲೀಟರಿನಷ್ಟು ನೀರು ಆವಿಯಾಗಿ ಕೋಣೆಗೆ ಸೇರುತ್ತದೆ. ಅನ್ನ ಸಾರುಗಳ ಹಬೆ ಬೇರೆ. ಹಳೆಯ ಮನೆಗಳಲ್ಲಿ ಹೆಂಚಿನ ಸಂದುಗಳಿಂದ ಹಬೆ ಹೊರಟುಹೋಗುತ್ತಿತ್ತು. ಸೌದೆಯೊಲೆಯ ಕಾವು ಅಟ್ಟವನ್ನೂ ಒಣಗಿಸುತ್ತಿತ್ತು. ಆ ಒಲೆಯ ಹೊಗೆ ಹೆಂಗಸರ ಕಣ್ಣನ್ನೂ ಶ್ವಾಸಕೋಶವನ್ನೂ ಕೆಡಿಸಿದುದನ್ನು ಮರೆತು ಹಿಂದಿನ ಕಾಲವನ್ನು ಹೊಗಳುವವರ ಗುಂಪಿಗೆ ನಾನು ಸೇರಿದವನಲ್ಲ. ಆದರೆ ಕಾಂಕ್ರೀಟಿನ ಕೋಣೆಯಲ್ಲಿ, ಇರಚಲು ಬಡಿಯುತ್ತದೆಂದು ಕಿಟಕಿಯನ್ನೂ ಮುಚ್ಚಿಕೊಂಡರೆ, ಆ ಆವಿ ತಣ್ಣನೆಯ ಗೋಡೆಯನ್ನಲ್ಲದೆ ಇನ್ನೆಲ್ಲಿ ಸೇರಬೇಕು?

ಪತ್ತೆಗೆ ಸುಲಭವಾದ ಉಪಾಯವೊಂದುಂಟು. ಗೋಡೆಯ ಮೇಲ್ಮೈಯನ್ನು ಒರೆಸಿ ಒಣಗಿಸಿ, ಅಂಗೈಯಗಲದ ಅಲ್ಯುಮಿನಿಯಂ ಹಾಳೆಯನ್ನು ನಾಲ್ಕು ಅಂಚಿಗೂ ಅಂಟುಪಟ್ಟಿ ಹಾಕಿ ಹಚ್ಚಿ ಎರಡು ದಿನ ಬಿಡಿ. ಹೊರಮೈಯಲ್ಲಿ ಹನಿ ಕಂಡರೆ ಅದು ಕೋಣೆಯ ಹಬೆ. ಕಿಟಕಿ ತೆರೆದು, ಗಾಳಿಯನ್ನು ಹೊರದೂಡುವ ಫ್ಯಾನನ್ನು ಅಡುಗೆ ಮುಗಿದ ಮೇಲೂ ಸ್ವಲ್ಪ ಹೊತ್ತು ಓಡಿಸಬೇಕು. ಗೋಡೆಯತ್ತಣ ಮೈ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿಂದಲೇ ಬರುತ್ತಿದೆ: ಸೋರುವ ಕೊಳವೆಯೋ, ಆಚೆಬದಿಯ ಬಚ್ಚಲೋ, ಬಿರುಕಿನಲ್ಲಿಳಿದ ಮಳೆಯೋ ಕಾರಣ. ಅದಕ್ಕೆ ಕೊಳಾಯಿ ಕೆಲಸದವನೂ ಮನೆಯ ಮಾಲೀಕರೂ ಬೇಕು. ಸೊಸೆಯ ಕೈಬಳೆ ಸವೆದರೂ ಪ್ರಯೋಜನವಿಲ್ಲ. ಹಾಳೆಯನ್ನು ಬಿಡಿಸುವಾಗ ಅತ್ತೆಯವರನ್ನೂ ಹತ್ತಿರ ಕರೆಯಿರೆಂದು ಆ ವಾಚಕಿಗೆ ನನ್ನ ಸಲಹೆ.

ಇನ್ನು ತೆಗೆಯುವ ಬಗೆ. ಒಣ ಪೊರಕೆಯಿಂದ ಕೆರೆಯಲಾಗದು. ಬೀಜಕಣಗಳು ಮನೆಯೆಲ್ಲ ಹಾರುತ್ತವೆ. ಉಬ್ಬಸವಿರುವವರೂ ಮಕ್ಕಳೂ ಆ ಹೊತ್ತಿನಲ್ಲಿ ದೂರವಿರಲಿ, ಉಜ್ಜುವವರು ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಲಿ. ಸೋಪಿನ ನೀರಿನಿಂದ ನೆನೆಸಿ, ಬ್ರಷ್ಷಿನಿಂದ ಉಜ್ಜಿ, ಒರೆಸಿ, ಪೂರ್ತಿ ಒಣಗಿಸಿದರೆ ಟೈಲ್ಸಿನ ಮೇಲಿನ ಬೂಷ್ಟಿಗೆ ಬಹುಮಟ್ಟಿಗೆ ಅಷ್ಟೇ ಸಾಕು. ಕಲೆ ಉಳಿದರೆ ನಾಲ್ಕು ಲೀಟರ್ ನೀರಿಗೆ ಒಂದು ಲೋಟಕ್ಕೆ ಮೀರದಂತೆ ಬ್ಲೀಚ್ ಬೆರೆಸಿ ಹಚ್ಚಬಹುದು. ಸತ್ತ ಬೂಷ್ಟೂ ಉಬ್ಬಸವನ್ನು ಕೆರಳಿಸಬಲ್ಲುದಾದ್ದರಿಂದ ಕೊಂದಷ್ಟಕ್ಕೆ ಬಿಡದೆ ಒರೆಸಿ ತೆಗೆಯಬೇಕು. ಕಡಪ ಕಲ್ಲಿನ ಕಟ್ಟೆಗೆ ವಿನಿಗರ್, ನಿಂಬೆರಸಗಳನ್ನು ಹಚ್ಚುವುದು ತರವಲ್ಲ. ಅದು ಸುಣ್ಣದಕಲ್ಲಿನ ಜಾತಿ, ಹುಳಿಗೆ ಹೊಳಪು ಕಳೆದುಕೊಳ್ಳುತ್ತದೆ.

ಒಂದು ಮಾತನ್ನು ದಪ್ಪಕ್ಷರದಲ್ಲಿ ಬರೆದು ಸಿಂಕಿನ ಬಳಿ ಅಂಟಿಸಿದರೂ ತಪ್ಪಲ್ಲ. ‘ಎರಡು ಸೇರಿದರೆ ಶಕ್ತಿ ಹೆಚ್ಚು’ ಎಂದು ಬ್ಲೀಚಿಗೆ ವಿನಿಗರನ್ನಾಗಲಿ ಕಕ್ಕಸು ತೊಳೆಯುವ ಆಮ್ಲವನ್ನಾಗಲಿ ಬೆರೆಸುವವರಿದ್ದಾರೆ. ಅದರಿಂದ ಏಳುವುದು ಕ್ಲೋರಿನ್, 1915ರಲ್ಲಿ ಯುದ್ಧರಂಗದಲ್ಲಿ ಸೈನಿಕರನ್ನು ಕೊಲ್ಲಲು ಬಳಸಿದ ಅದೇ ವಿಷಾನಿಲ. ಕಿಟಕಿ ಮುಚ್ಚಿದ ಸಣ್ಣ ಅಡುಗೆಮನೆಯಲ್ಲಿ ಪ್ರಾಣಕ್ಕೇ ಸಂಚಕಾರ. ಅಮೋನಿಯಾ ಇರುವ ದ್ರಾವಣಗಳೊಡನೆಯೂ ಬ್ಲೀಚ್ ಸೇರಕೂಡದು.

ಮರದ ಹಲಗೆ, ಲಟ್ಟಣಿಗೆಗಳನ್ನು ಉಜ್ಜಿ ತೊಳೆದು ಬಿಸಿಲಿಗಿಡಿ. ತರಕಾರಿ ಹೆಚ್ಚುವ ಮಣೆಯ ಬಿರುಕಿನೊಳಗೇ ಕಪ್ಪು ಇಳಿದಿದ್ದರೆ ಮೋಹ ಬಿಟ್ಟು ಎಸೆಯುವುದು ಲೇಸು. ಶೈತ್ಯಪೆಟ್ಟಿಗೆಯ ಬಾಗಿಲಿನ ರಬ್ಬರಿನ ಮಡಿಕೆಯನ್ನೂ ಬಿಡಿಸಿ ನೋಡಿ.

ಕಲೆಯನ್ನು ಮರೆಸಲು ಮೇಲೊಂದು ಕೈ ಬಣ್ಣ ಹೊಡೆಸುವುದು ಹಣ ದಂಡ. ಒದ್ದೆ ಗೋಡೆಯ ಬಣ್ಣ ಕೆಲವೇ ತಿಂಗಳಲ್ಲಿ ಹಪ್ಪಳವಾಗಿ ಏಳುತ್ತದೆ. ಸೋರುವುದು ನಿಂತು ಗೋಡೆ ಒಣಗಿದ ಮೇಲೆ, ಎಣ್ಣೆಬಣ್ಣ ಕಾಣದ ಗಾರೆಯ ಗೋಡೆಯಾದರೆ, ಹಿಂದಿನವರ ಸುಣ್ಣವೇ ಒಳ್ಳೆಯದು. ಸುಣ್ಣದ ತೀಕ್ಷ್ಣ ಕ್ಷಾರದಲ್ಲಿ ಬೂಷ್ಟು ಬೆಳೆಯಲಾರದು. ಗಾಳಿಗೆ ಆ ಕ್ಷಾರ ಮೆಲ್ಲಮೆಲ್ಲನೆ ಕುಂದುವುದರಿಂದ ವರ್ಷಕ್ಕೊಮ್ಮೆ ಮತ್ತೆ ಬಳಿಸಬೇಕು. ಹಬ್ಬಕ್ಕೆ ಮುಂಚೆ ಬಳಿಸಿದರೆ ಎರಡು ಕೆಲಸವೂ ಆಯಿತು.