ಹೊಗೆಗೆ ಒಂದೂವರೆ ಲಕ್ಷ!

ಮೊನ್ನೆ ಆಫೀಸಿನ ಹುಡುಗನೊಬ್ಬ ಮೊಬೈಲು ತಂದು ಮುಖದ ಮುಂದೆ ಹಿಡಿದ. "ಅಣ್ಣಾ, ಇದೊಮ್ಮೆ ನೋಡಿ. ಕೆಎ 19, 92ರ ಮಾಡೆಲ್, ಸಿಂಗಲ್ ಓನರ್. ಒಂದೂವರೆ ಲಕ್ಷ ಹೇಳ್ತಿದ್ದಾರೆ. ತಗೊಳ್ಳಲಾ?"

ಯಮಹಾ ಆರ್‌ಎಕ್ಸ್ 100. ಟ್ಯಾಂಕು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹುಡುಗನಿಗೆ ಇಪ್ಪತ್ತಾರು ವರ್ಷ. ಆ ಗಾಡಿಯ ತಯಾರಿಕೆ ನಿಂತದ್ದು 1996ರಲ್ಲಿ, ಇವನು ಹುಟ್ಟುವ ಮೊದಲೇ. "ಬೇಡ ಮಾರಾಯ" ಅಂದೆ. ಅವನ ಮುಖ ಸಣ್ಣದಾಯಿತು. ಬಾಯಲ್ಲಿ ಹೇಳಿದ್ದು ಅವನಿಗೆ ಸಾಕಾಗಲಿಲ್ಲ ಅಂತ ಕಾಣುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ನಾನೇನೂ ಟು ಸ್ಟ್ರೋಕಿನ ಶತ್ರು ಅಲ್ಲ. ನನ್ನ ಮಾವನ ಬಳಿ ಇದೇ ಆರ್‌ಎಕ್ಸ್ ಇತ್ತು. ಪಣಂಬೂರಿನಲ್ಲಿ ಕೆಲಸ, ದಿನಾ ಅದರಲ್ಲೇ ಹೋಗಿಬರುವುದು. ಕೂಳೂರು ಸೇತುವೆ ದಾಟಿ ಥ್ರಾಟಲ್ ತಿರುಗಿಸಿದರೆ ಹಿಂದೆ ಕೂತ ನನಗೆ ಹೊಟ್ಟೆಯಲ್ಲಿ ಚಿಟ್ಟೆ ಹಾರಿದ ಹಾಗೆ. 98 ಸಿಸಿಯಲ್ಲಿ 11 ಹಾರ್ಸ್‌ಪವರ್ ಅಂದರೆ ಸಣ್ಣ ಮಾತಲ್ಲ. ಫೋರ್ ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೊಮ್ಮೆ ಪವರ್ ಕೊಟ್ಟರೆ ಇದು ಪ್ರತಿ ಸುತ್ತಿಗೂ ಕೊಡುತ್ತದೆ. ಆದರೆ ಆ ಅವಸರದಲ್ಲಿ ಸ್ವಲ್ಪ ಪೆಟ್ರೋಲು ಉರಿಯುವ ಮೊದಲೇ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ, ಜೊತೆಗೆ 2ಟಿ ಆಯಿಲ್ ಕೂಡ ಉರಿಯುತ್ತದೆ. ಹೊಗೆ ಆ ಗಾಡಿಯ ರೋಗ ಅಲ್ಲ, ಅದರ ಸ್ವಭಾವ.

ನನ್ನ ತಕರಾರು ಗಾಡಿಯ ಮೇಲಲ್ಲ. ಒಂದೂವರೆ ಲಕ್ಷ ಕೊಟ್ಟು ನಾವು ಕೊಳ್ಳುತ್ತಿರುವುದು ಏನು ಎಂಬುದರ ಮೇಲೆ.

ಮೂವತ್ತು ವರ್ಷ ಓಡಿದ ಇಂಜಿನಿಗೆ ಎಷ್ಟು ಸಲ ಬೋರ್ ಮಾಡಿಸಿದ್ದಾರೋ, ಪಿಸ್ಟನ್ ಎಷ್ಟನೆಯದೋ! ಆರ್‌ಎಕ್ಸ್ 135ರ ಇಂಜಿನ್ ತಂದು ಇದರ ಹೊಟ್ಟೆಗೆ ಕೂರಿಸಿದ ಗಾಡಿಗಳೂ ಬೇಕಾದಷ್ಟಿವೆ. ಟ್ಯಾಂಕಿಗೆ ಹೊಸ ಪೇಂಟು, ಡೂಪ್ಲಿಕೇಟ್ ಸ್ಟಿಕ್ಕರು, ಹೊಸ ಕ್ರೋಮು. ಒರಿಜಿನಲ್ ಅಂತ ಉಳಿದಿರುವುದು ಚಾಸಿ ನಂಬರು ಮಾತ್ರ, ಅದೂ ತಿದ್ದದೇ ಇದ್ದರೆ. "ಲೆಜೆಂಡ್ ಅಣ್ಣಾ" ಅನ್ನುತ್ತಾರೆ. ಲೆಜೆಂಡಿಗೆ ಸ್ಪೇರ್ ಪಾರ್ಟ್ ಸಿಗಬೇಕಲ್ಲ?

ಅದಕ್ಕಿಂತ ದೊಡ್ಡದು ಕಾಗದದ ವಿಷಯ. ಮಾವ 2009ರಲ್ಲಿ ಗಾಡಿ ಮಾರಿದರು. ಬ್ರೋಕರ್ ಒಬ್ಬ ಖಾಲಿ ಫಾರ್ಮ್ 29, 30ಕ್ಕೆ ಸಹಿ ಹಾಕಿಸಿಕೊಂಡು, "ಟ್ರಾನ್ಸ್‌ಫರ್ ನಾವೇ ಮಾಡಿಸ್ತೇವೆ, ನೀವು ತಲೆಬಿಸಿ ಮಾಡ್ಬೇಡಿ" ಅಂದ. ಮಾವ ತಲೆಬಿಸಿ ಮಾಡಲಿಲ್ಲ. ಗಾಡಿ ನಾಲ್ಕು ಕೈ ದಾಟಿತು. ಐದು ವರ್ಷದ ನಂತರ ಮನೆಗೆ ಕೋರ್ಟಿನ ನೋಟೀಸು. ಯಾವನೋ ಮೀನು ಮಾರುವ ಹೆಂಗಸಿಗೆ ಗುದ್ದಿ ಗಾಡಿ ಬಿಟ್ಟು ಓಡಿದ್ದ. ಇನ್ಶೂರೆನ್ಸ್ ಇರಲಿಲ್ಲ. ಆರ್‌ಸಿಯಲ್ಲಿ ಮಾವನ ಹೆಸರು ಹಾಗೆಯೇ ಇತ್ತು.

"ನಾನು ಮಾರಿ ಆಗಿದೆ" ಅಂದರೆ ನಡೆಯುವುದಿಲ್ಲ. ರಿಜಿಸ್ಟರಿನಲ್ಲಿ ಯಾರ ಹೆಸರಿದೆಯೋ ಅವನೇ ಓನರ್, ಪರಿಹಾರದ ಹೊಣೆಯೂ ಅವನದ್ದೇ ಅಂತ ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಮಾವ ಪಿಎಫ್ ದುಡ್ಡು ತೆಗೆದು ಕಟ್ಟಿದರು. ಆ ಹೆಂಗಸಿನ ಬಗ್ಗೆ ಒಂದು ಮಾತೂ ಆಡಲಿಲ್ಲ. "ಕಾಲು ಮುರಿದದ್ದು ಅವಳದ್ದಲ್ವಾ" ಅಂದರು ಅಷ್ಟೆ. ಈಗಲೂ ಬೀದಿಯಲ್ಲಿ ಆರ್‌ಎಕ್ಸ್ ಸದ್ದು ಕೇಳಿದರೆ ಗೇಟಿನ ತನಕ ಬರುತ್ತಾರೆ. ಅವರು ನೋಡುವುದು ನಂಬರ್ ಪ್ಲೇಟು.

ಇನ್ನು ಸದ್ದು. ಗಾಡಿ ತಗೊಂಡ ಮರುದಿನವೇ ಸೈಲೆನ್ಸರಿಗೆ ಕತ್ತರಿ ಬೀಳುತ್ತದೆ. ರಾತ್ರಿ ಹನ್ನೊಂದಕ್ಕೆ ಕದ್ರಿಯಿಂದ ಬಿಜೈಗೆ ಒಂದು ರೌಂಡು, ತೊಟ್ಟಿಲಲ್ಲಿದ್ದ ಮಗು ಎದ್ದು ಕೂರುತ್ತದೆ. ಶಬ್ದ, ಹೊಗೆಯ ನಿಯಮ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ರಲ್ಲಿ 10,000 ರೂಪಾಯಿವರೆಗೆ ದಂಡ ಉಂಟು. ಅಮೆರಿಕದಲ್ಲೂ ಇದೇ ಹುಚ್ಚು ಇರುವವರಿದ್ದಾರೆ. ಯಮಹಾದ್ದೇ ಬಾನ್ಶೀ ಎಂಬ ನಾಲ್ಕು ಚಕ್ರದ ಟು ಸ್ಟ್ರೋಕ್ ಕ್ವಾಡ್ ಬೈಕಿನ ಹಿಂದೆ ಬಿದ್ದವರು. ಅದು 2006ರ ತನಕ ಅಲ್ಲಿ ಮಾರಾಟವಾಯಿತು, ಹಳೆಯದನ್ನು ಈಗಲೂ ಹುಡುಕಿ ಕೊಳ್ಳುತ್ತಾರೆ. ಆದರೆ ಅದು ರಸ್ತೆಗೆಂದು ಮಾಡಿದ್ದೇ ಅಲ್ಲ. ಓಡುವುದು ಮರಳಿನ ದಿಬ್ಬದ ಮೇಲೆ. ನಮ್ಮವರಿಗೆ ಮಾತ್ರ ಪಕ್ಕದ ಮನೆಯ ಕಿಟಕಿಯೇ ರೇಸ್ ಟ್ರ್ಯಾಕು.

"ಟು ಸ್ಟ್ರೋಕನ್ನು ಸರ್ಕಾರ ಕೊಂದಿತು" ಅಂತ ಗೋಳಾಡುವವರಿದ್ದಾರೆ. ಹೊಗೆಯ ನಿಯಮ ಬಿಗಿಯಾದದ್ದು ಸರಿಯೇ, ಊರಿನವರಿಗೂ ಶ್ವಾಸಕೋಶ ಇದೆಯಲ್ಲ. ಆದರೆ ಈ ಗಾಡಿಯ ಮರ್ಯಾದೆ ತೆಗೆದದ್ದು ಸರ್ಕಾರ ಅಲ್ಲ, ಕತ್ತರಿ ಹಿಡಿದ ನಾವು. ಮೈಸೂರಿನಲ್ಲಿ 1961ರಿಂದ 1996ರ ತನಕ ಐಡಿಯಲ್ ಜಾವಾ ಕಾರ್ಖಾನೆ ನಡೆಯಿತು. ಅಲ್ಲಿಂದ ಬಂದ ಜಾವಾ, ಯೆಜ್ಡಿಗಳನ್ನು ಇವತ್ತಿಗೂ ಒರಿಜಿನಲ್ ಸೈಲೆನ್ಸರಿನ ಸಮೇತ ಜೋಪಾನ ಮಾಡಿದವರಿದ್ದಾರೆ. ಅಂಥವರಿಗೆ ನನ್ನದೊಂದು ದೊಡ್ಡ ನಮಸ್ಕಾರ. ಅವರದ್ದು ಪ್ರೀತಿ. ರೀಲ್ಸ್ ಮಾಡಿ ಆರು ತಿಂಗಳಿಗೆ ಇಪ್ಪತ್ತು ಸಾವಿರ ಲಾಭಕ್ಕೆ ದಾಟಿಸುವುದು ವ್ಯಾಪಾರ. ಎರಡಕ್ಕೂ ಒಂದೇ ಹೆಸರು ಬೇಡ.

ಇಷ್ಟು ಹೇಳಿದ ಮೇಲೂ ಬೇಕೇ ಬೇಕಾ? ಸರಿ, ತಗೊಳ್ಳಿ. ಆದರೆ ಟ್ಯಾಂಕಿನ ಹೊಳಪು ಆಮೇಲೆ ನೋಡಿ. ಮೊದಲು ಚಾಸಿ ನಂಬರು, ಇಂಜಿನ್ ನಂಬರು ಆರ್‌ಸಿಗೆ ತಾಳೆಯಾಗುತ್ತದಾ ನೋಡಿ. ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ರಿನ್ಯೂವಲ್ ಆಗಿರಬೇಕು, ಆಗಿದೆಯಾ ಕೇಳಿ. ಗಾಡಿ ಕಾಸರಗೋಡಿನದ್ದಾದರೆ ಎನ್‌ಒಸಿ ಕೈಗೆ ಬರದೆ ಅಡ್ವಾನ್ಸ್ ಕೊಡಬೇಡಿ. ಬ್ರೋಕರ್ ಬೇಡ, ಆರ್‌ಸಿಯಲ್ಲಿ ಹೆಸರಿರುವ ಮನುಷ್ಯನ ಮನೆಗೇ ಹೋಗಿ. ನಿಮ್ಮ ಹೆಸರಿಗೆ ಆಗುವ ತನಕ, ಇನ್ಶೂರೆನ್ಸ್ ಕಟ್ಟುವ ತನಕ ಕಿಕ್ ಹೊಡೆಯಬೇಡಿ. ಸೈಲೆನ್ಸರ್ ಮುಟ್ಟಲೇಬೇಡಿ.

ನಮ್ಮ ಹುಡುಗನಿಗೂ ಇದನ್ನೇ ಹೇಳಿದೆ. "ಓನರಿನ ಮನೆ ಎಲ್ಲಿ ಅಂತ ಕೇಳು" ಅಂದೆ. ಕೇಳಿದ. ಓನರ್ ದುಬೈಯಲ್ಲಿದ್ದಾನೆ ಅಂತ ಉತ್ತರ ಬಂತು. ಆ ಓನರಿಗೆ ತನ್ನ ಗಾಡಿ ಮಾರಾಟಕ್ಕಿದೆ ಅನ್ನುವುದಾದರೂ ಗೊತ್ತುಂಟಾ? ಅದನ್ನು ಕೇಳಿದ ಮೇಲೆ ಬ್ರೋಕರ್ ಫೋನು ಎತ್ತುತ್ತಿಲ್ಲ.